ಗಾಲಿಯೊಳಗಿನ ಗಾಳಿ

ಮರದ ಗಾಲಿಗೆ ಕಬ್ಬಿಣದ ಹಳಿಯನ್ನು ತೊಡಿಸುವ ಕೆಲಸವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ನೋಡದವರು ಮನೆಯ ಹಿರಿಯರನ್ನು ಕೇಳಿ ತಿಳಿಯಬಹುದು. ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಾರೆ. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಬೆರಣಿಯನ್ನು ಒಟ್ಟಿ ಬೆಂಕಿ ಹಾಕುತ್ತಾರೆ. ಕಾದ ಹಳಿ ಹಿಗ್ಗುತ್ತದೆ. ಆಗ ಅದನ್ನು ಇಕ್ಕುಳಗಳಿಂದ ಎತ್ತಿ ಗಾಲಿಗೆ ತೊಡಿಸಿ, ಮೇಲೆ ನೀರು ಸುರಿಯುತ್ತಾರೆ. ತಣ್ಣಗಾದ ಕಬ್ಬಿಣ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಕಾಲದ ಗಾಲಿಗೆ ಶಾಖವು ಹೀಗೆ ಉಪಕಾರಿಯಾಗಿತ್ತು.

ಈಗ ಹಳ್ಳಿಯ ದಾರಿಗಳಲ್ಲಿ ಆ ಗಾಲಿ ಅಪರೂಪವಾಗುತ್ತ ಬಂದಿದೆ. ಅದರ ಕೆಲಸವನ್ನು ಟ್ರ್ಯಾಕ್ಟರೂ ಅದರ ಬೆನ್ನಿಗೆ ಕಟ್ಟಿದ ಟ್ರೇಲರೂ ವಹಿಸಿಕೊಂಡಿವೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ಅರೆಯುವ ಕಾಲ ಬಂದಿತೆಂದರೆ, ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರುಗಳು ಗುಡ್ಡದಂತೆ ಕಬ್ಬು ಹೇರಿಕೊಂಡು ಕಾರ್ಖಾನೆಯತ್ತ ಸಾಗುತ್ತವೆ. ಗಂಗಾವತಿ, ಸಿಂಧನೂರುಗಳ ಕಡೆ ಬೇಸಗೆಯ ಭತ್ತ ಕಣದಿಂದ ಹೊರಡುವುದು ಏಪ್ರಿಲ್, ಮೇ ತಿಂಗಳುಗಳ ಉರಿಬಿಸಿಲಿನಲ್ಲಿ. ಬತ್ತಿದ ಕೆರೆಗಳ ಗೋಡುಮಣ್ಣನ್ನು ಹೊಲಗಳಿಗೆ ಸಾಗಿಸುವುದೂ ಅದೇ ಕಾಲದಲ್ಲಿಯೇ. ಕಲಬುರಗಿ, ರಾಯಚೂರುಗಳಲ್ಲಿ ಆಗ ನೆರಳಿನಲ್ಲಿಯೂ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಇಂತಹ ಬಿಸಿಲಿನಲ್ಲಿ, ತುಂಬಿದ ಭಾರದೊಡನೆ, ಟ್ರೇಲರಿನ ಟೈರು ಕೆಲವೊಮ್ಮೆ ಸಿಡಿಲಿನಂತೆ ಸದ್ದು ಮಾಡಿ ಒಡೆಯುತ್ತದೆ. ನೋಡಿದವರು, 'ಬಿಸಿಲಿಗೆ ಟೈರು ಸಿಡಿಯಿತು' ಎನ್ನುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜ? ತಪ್ಪು ನಿಜವಾಗಿ ಬಿಸಿಲಿನದೆ? ಇದನ್ನು ವಿಚಾರಮಾಡಿ ತಿಳಿಯುವುದು ಅಗತ್ಯ. ಏಕೆಂದರೆ ಕಾರಣವನ್ನು ತಪ್ಪಾಗಿ ತಿಳಿದವನು ಪರಿಹಾರವನ್ನೂ ತಪ್ಪಾಗಿಯೇ ಮಾಡುತ್ತಾನೆ.

ಗಾಳಿ ತುಂಬಿದ ಟೈರಿನ ಇತಿಹಾಸ ಬಹಳ ಹಳೆಯದಲ್ಲ. ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಅದು ಬೇಸಗೆಯಲ್ಲಿ ಅಂಟಾಗದೆ, ಚಳಿಯಲ್ಲಿ ಪೆಡಸಾಗದೆ ಉಳಿಯುವುದೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಗಾಳಿ ತುಂಬಿದ ಗಾಲಿಗೆ ಮೊದಲು ಪೇಟೆಂಟು ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಅದು 1845ರ ಮಾತು. ಆದರೆ ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅಂತಹದೇ ಟೈರನ್ನು ಮತ್ತೆ ನಿರ್ಮಿಸಿದನು. ಅಲ್ಲಿಂದ ಮುಂದೆ ಅದು ಲೋಕವನ್ನೆಲ್ಲ ಸುತ್ತಿತು. ಇಂದು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳ ಕಡೆ ರಬ್ಬರ್ ತೋಟಗಳಿವೆ. ಮೈಸೂರಿನಲ್ಲಿ ಟೈರಿನ ಕಾರ್ಖಾನೆಯಿದೆ.

ಟೈರು ಭಾರವನ್ನು ಹೊರುತ್ತದೆಂದು ನಾವು ಹೇಳುತ್ತೇವೆ. ವಾಸ್ತವವಾಗಿ ಭಾರದ ಬಹುಪಾಲನ್ನು ಹೊರುವುದು ಟೈರಿನ ರಬ್ಬರಲ್ಲ, ಅದರೊಳಗೆ ಬಂಧಿತವಾಗಿರುವ ಗಾಳಿ. ರಬ್ಬರೂ ಅದರೊಳಗೆ ಹಾಸಿದ ದಾರಗಳೂ ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ನಾಲ್ಕು ಗಾಲಿಗಳ ಒಂದು ಟ್ರೇಲರು ತನ್ನ ತೂಕವೂ ಸೇರಿ 6,000 ಕಿಲೋಗ್ರಾಂ ಇದೆಯೆಂದು ಭಾವಿಸೋಣ. ಒಂದು ಗಾಲಿಗೆ 1,500 ಕಿಲೋಗ್ರಾಂ ಬಂದಿತು. ಟೈರಿನಲ್ಲಿ 60 ಪೌಂಡು ಗಾಳಿಯಿದೆ. ಪಂಕ್ಚರ್ ಅಂಗಡಿಯಲ್ಲಿ 'ಪೌಂಡು' ಎಂದರೆ ಒಂದು ಚದರ ಅಂಗುಲದ ಮೇಲೆ ಅಷ್ಟು ಪೌಂಡಿನ ಒತ್ತಡ ಎಂದು ಅರ್ಥ. ಅರುವತ್ತು ಪೌಂಡೆಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋಗ್ರಾಂ. ಈ ಒತ್ತಡದಲ್ಲಿ 1,500 ಕಿಲೋಗ್ರಾಂ ಭಾರವನ್ನು ಹೊರಲು ಟೈರು ನೆಲವನ್ನು ಸುಮಾರು 360 ಚದರ ಸೆಂಟಿಮೀಟರುಗಳಷ್ಟು ಜಾಗದಲ್ಲಿ ಮುಟ್ಟಬೇಕಾಗುತ್ತದೆ. ನಿಮ್ಮ ಬರೆಯುವ ಪುಸ್ತಕದ ಒಂದು ಪುಟ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿ 30 ಪೌಂಡಿಗೆ ಇಳಿದರೆ? ಭಾರ ಕಡಿಮೆಯಾಗಲಿಲ್ಲ, ಆದುದರಿಂದ ನೆಲವನ್ನು ಮುಟ್ಟುವ ಜಾಗ ಇಮ್ಮಡಿಯಾಗಲೇಬೇಕು. ಅಂದರೆ ಟೈರು ಚಪ್ಪಟೆಯಾಗಿ, ಅದರ ಪಕ್ಕಗಳು ಹೊರಕ್ಕೆ ಉಬ್ಬುತ್ತವೆ.

ಹೀಗೆ ಚಪ್ಪಟೆಯಾಗುವುದರಲ್ಲಿಯೇ ಅಪಾಯದ ಬೀಜವಿದೆ. ಒಂದು ಕಬ್ಬಿಣದ ತಂತಿಯನ್ನು ಒಂದೇ ಕಡೆ ಬೇಗಬೇಗನೆ ಹಿಂದಕ್ಕೂ ಮುಂದಕ್ಕೂ ಬಾಗಿಸಿ, ಆ ಜಾಗವನ್ನು ಬೆರಳಿನಿಂದ ಮುಟ್ಟಿನೋಡಿರಿ. ಅದು ಬಿಸಿಯಾಗಿರುತ್ತದೆ. ಬಾಗಿಸಲು ನೀವು ವೆಚ್ಚಮಾಡಿದ ಶಕ್ತಿಯೇ ಅಲ್ಲಿ ಶಾಖವಾಗಿ ಮಾರ್ಪಟ್ಟಿದೆ. ಇನ್ನೂ ಕೆಲವು ಸಲ ಬಾಗಿಸಿದರೆ ತಂತಿ ತುಂಡಾಗುತ್ತದೆ. ಟೈರಿನಲ್ಲಿಯೂ ಇದೇ ನಡೆಯುತ್ತದೆ. ಗಾಲಿ ಉರುಳುವಾಗ ಟೈರಿನ ಪ್ರತಿಯೊಂದು ಭಾಗವೂ ನೆಲಕ್ಕೆ ಬಂದಾಗ ಬಾಗಿ, ಮೇಲಕ್ಕೆ ಹೋದಾಗ ನೆಟ್ಟಗಾಗುತ್ತದೆ. ಗಾಲಿಯ ಸುತ್ತಳತೆ 2.7 ಮೀಟರ್ ಆಗಿದ್ದರೆ, ಒಂದು ಕಿಲೋಮೀಟರಿಗೆ ಅದು ಸುಮಾರು 370 ಸುತ್ತು ಸುತ್ತುತ್ತದೆ. ಮೂವತ್ತು ಕಿಲೋಮೀಟರ್ ದೂರದ ಕಾರ್ಖಾನೆಯನ್ನು ಮುಟ್ಟುವಷ್ಟರಲ್ಲಿ ಟೈರಿನ ಪಕ್ಕ ಹನ್ನೊಂದು ಸಾವಿರ ಸಲ ಬಾಗಿ ನೆಟ್ಟಗಾಗಿರುತ್ತದೆ. ಗಾಳಿ ಸರಿಯಾಗಿದ್ದಾಗ ಈ ಬಾಗುವಿಕೆ ಅಲ್ಪ. ಹುಟ್ಟಿದ ಶಾಖ ಹೊರಗಿನ ಗಾಳಿಗೆ ಸೇರಿಹೋಗುತ್ತದೆ. ಗಾಳಿ ಕಡಿಮೆಯಾದಾಗ ಬಾಗುವಿಕೆ ಹೆಚ್ಚು, ಶಾಖವೂ ಹೆಚ್ಚು. ರಬ್ಬರು ಶಾಖವನ್ನು ಬೇಗನೆ ಸಾಗಿಸುವ ವಸ್ತುವಲ್ಲ. ಆದಕಾರಣ ಶಾಖವು ಒಳಗೊಳಗೇ ಕೂಡಿಕೊಳ್ಳುತ್ತ ಹೋಗುತ್ತದೆ. ಕಾದ ರಬ್ಬರಿಗೂ ಅದರೊಳಗಿನ ದಾರಗಳಿಗೂ ಇರುವ ಬೆಸುಗೆ ಸಡಿಲವಾಗುತ್ತದೆ. ಪದರಗಳು ಬೇರೆಬೇರೆಯಾಗುತ್ತವೆ. ಕೊನೆಗೆ ಒಂದು ಸಣ್ಣ ಕಲ್ಲೋ ಗುಂಡಿಯೋ ನೆಪವಾಗಿ ಟೈರು ಸಿಡಿಯುತ್ತದೆ.

ಬಿಸಿಲಿನ ಪಾತ್ರ ಇಲ್ಲಿ ಯಾವುದು? ಬೇಸಗೆಯ ಮಧ್ಯಾಹ್ನ ಕಪ್ಪು ಡಾಂಬರಿನ ರಸ್ತೆ 60 ಡಿಗ್ರಿಯವರೆಗೂ ಕಾಯಬಲ್ಲುದು. ಇಂತಹ ನೆಲದ ಮೇಲೆ ಉರುಳುವ ಟೈರು ತನ್ನಲ್ಲಿ ಹುಟ್ಟಿದ ಶಾಖವನ್ನು ಹೊರಕ್ಕೆ ಬಿಡುವುದು ಕಷ್ಟ. ಬಿಸಿಲು ಮಾಡುವ ಕೇಡು ಇದು. ಅದು ಟೈರನ್ನು ತಾನೇ ಒಡೆಯುವುದಿಲ್ಲ. ಈಗಾಗಲೇ ಬಳಲಿದ ಟೈರಿಗೆ ಉಸಿರಾಡಲು ಅವಕಾಶ ಕೊಡುವುದಿಲ್ಲ. ಗಾಳಿಯ ಕೊರತೆ, ಮಿತಿಮೀರಿದ ಭಾರ, ಮಿತಿಮೀರಿದ ವೇಗ, ಬಿಸಿಲು ಈ ನಾಲ್ಕೂ ಒಂದೆಡೆ ಕೂಡಿದಾಗ ಅಪಾಯ ತಪ್ಪದು. ಇವುಗಳಲ್ಲಿ ಬಿಸಿಲೊಂದು ನಮ್ಮ ಕೈಯಲ್ಲಿಲ್ಲ. ಉಳಿದ ಮೂರೂ ನಮ್ಮ ಕೈಯಲ್ಲಿಯೇ ಇವೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಕುರಿತು ಹೇಳಬೇಕು. 'ಬೇಸಗೆಯಲ್ಲಿ ಟೈರಿನೊಳಗಿನ ಗಾಳಿ ಕಾದು ಹಿಗ್ಗುತ್ತದೆ; ಆದುದರಿಂದ ಸ್ವಲ್ಪ ಗಾಳಿಯನ್ನು ಬಿಟ್ಟುಬಿಡುವುದು ಒಳ್ಳೆಯದು' ಎಂದು ಅನೇಕ ಚಾಲಕರು ನಂಬಿದ್ದಾರೆ. ದಾರಿಯಲ್ಲಿ ನೆರಳು ಕಂಡ ಕಡೆ ಗಾಡಿ ನಿಲ್ಲಿಸಿ, ಬಿಸಿ ಟೈರಿನ ವಾಲ್ವನ್ನು ಒತ್ತಿ, 'ಪುಸ್' ಎಂದು ಗಾಳಿ ಬಿಡುವವರನ್ನು ನೀವೂ ಕಂಡಿರಬಹುದು. ಈ ನಂಬಿಕೆಯ ಮೊದಲರ್ಧ ಸತ್ಯ. ಮುಚ್ಚಿದ ಪಾತ್ರೆಯಲ್ಲಿರುವ ಗಾಳಿಯ ಉಷ್ಣತೆ ಹೆಚ್ಚಿದಂತೆ ಅದರ ಒತ್ತಡವೂ ಹೆಚ್ಚುವುದೆಂಬುದನ್ನು ಫ್ರಾನ್ಸಿನ ಗಿಯೋಮ್ ಅಮೊಂತೊನ್ ಎಂಬ ವಿಜ್ಞಾನಿ 1700ರ ಸುಮಾರಿನಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದನು. ಆದರೆ ಎಷ್ಟು ಹೆಚ್ಚುತ್ತದೆ? ಲೆಕ್ಕಮಾಡಿ ನೋಡೋಣ.

ಬೆಳಗ್ಗೆ 27 ಡಿಗ್ರಿಯಲ್ಲಿ ಟೈರಿನಲ್ಲಿ 60 ಪೌಂಡು ಗಾಳಿಯಿತ್ತು. ಅಳತೆಯ ಗೇಜು ತೋರಿಸುವುದು ಹೊರಗಿನ ವಾಯುಮಂಡಲಕ್ಕಿಂತ ಒಳಗೆ ಹೆಚ್ಚಾಗಿರುವ ಒತ್ತಡವನ್ನು ಮಾತ್ರ. ವಾಯುಮಂಡಲದ 14.7 ಪೌಂಡನ್ನು ಕೂಡಿಸಿದರೆ ಪೂರ್ಣ ಒತ್ತಡ 74.7 ಆಗುತ್ತದೆ. ಓಡಿದ ಮೇಲೆ ಒಳಗಿನ ಗಾಳಿ 57 ಡಿಗ್ರಿಗೆ ಕಾಯಿತು. ಕೆಲ್ವಿನ್ ಮಾನದಲ್ಲಿ ಹೇಳುವುದಾದರೆ ಉಷ್ಣತೆ 300ರಿಂದ 330ಕ್ಕೆ, ಎಂದರೆ ಹತ್ತರಲ್ಲೊಂದು ಪಾಲು ಏರಿತು. ಟೈರಿನ ಗಾತ್ರ ಹೆಚ್ಚು ಬದಲಾಗಿಲ್ಲವೆಂದು ಇಟ್ಟುಕೊಂಡರೆ ಒತ್ತಡವೂ ಅಷ್ಟೇ ಪಾಲು ಏರಿ 82.2 ಆಗುತ್ತದೆ. ಗೇಜಿನಲ್ಲಿ ಅದು 67.5 ಪೌಂಡೆಂದು ಕಾಣುತ್ತದೆ. ಏಳೂವರೆ ಪೌಂಡು ಮಾತ್ರ ಹೆಚ್ಚಳ! ಒಳ್ಳೆಯ ಸ್ಥಿತಿಯಲ್ಲಿರುವ ಟೈರು ಈ ಏರಿಕೆಯನ್ನು ತಡೆಯಬಲ್ಲುದು. ತಯಾರಿಸುವವರು ಇದನ್ನು ಎಣಿಸಿಯೇ ಟೈರನ್ನು ಕಟ್ಟಿರುತ್ತಾರೆ.

ಇನ್ನು ಚಾಲಕನು ಹೆದರಿ, ಬಿಸಿಯಾಗಿರುವಾಗಲೇ ಗಾಳಿ ಬಿಟ್ಟು ಗೇಜನ್ನು 60ಕ್ಕೆ ಇಳಿಸಿದನೆಂದುಕೊಳ್ಳಿ. ಮರುದಿನ ಬೆಳಗ್ಗೆ ಟೈರು ತಣ್ಣಗಾದಾಗ ಅದರಲ್ಲಿ ಉಳಿಯುವುದು ಸುಮಾರು 53 ಪೌಂಡು. ಆತ ಅದನ್ನು ಗಮನಿಸದೆ ಮತ್ತೆ ಅದೇ ಭಾರ ಹೇರಿ ಹೊರಡುತ್ತಾನೆ. ಟೈರು ನಿನ್ನೆಗಿಂತ ಹೆಚ್ಚು ಬಾಗುತ್ತದೆ, ನಿನ್ನೆಗಿಂತ ಹೆಚ್ಚು ಕಾಯುತ್ತದೆ. ಕಾದುದನ್ನು ಕಂಡು ಆತ ಮತ್ತಷ್ಟು ಗಾಳಿ ಬಿಡುತ್ತಾನೆ. ಜ್ವರ ಬಂದವನಿಗೆ ಅನ್ನ ನೀರು ಬಿಡಿಸಿ ಜ್ವರ ಇಳಿಸಲು ಹೊರಟಂತಾಯಿತು ಇದು. ಟೈರನ್ನು ಕಾಪಾಡಬೇಕೆಂದು ಮಾಡಿದ ಕೆಲಸವೇ ಅದನ್ನು ಕೊಲ್ಲುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಬಾರದೆಂಬ ಈ ಒಂದು ನಿಯಮವನ್ನು ಮರೆಯದಿದ್ದರೆ ಎಷ್ಟೋ ಅಪಘಾತಗಳು ತಪ್ಪುತ್ತವೆ.

ಎಲ್ಲ ವಾಹನಗಳಿಗೂ ಈ ಮಾತು ಅನ್ವಯಿಸುವುದಾದರೂ ಟ್ರೇಲರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕಾರಿನ ಮುಂದಿನ ಟೈರಿನಲ್ಲಿ ಗಾಳಿ ಇಳಿದರೆ ಚಾಲಕನ ಕೈಯಲ್ಲಿರುವ ಸ್ಟಿಯರಿಂಗ್ ಒಂದು ಕಡೆಗೆ ಎಳೆಯತೊಡಗುತ್ತದೆ; ಆತನಿಗೆ ಸೂಚನೆ ದೊರೆಯುತ್ತದೆ. ಟ್ರೇಲರಿಗೆ ಸ್ಟಿಯರಿಂಗ್ ಇಲ್ಲ. ಅದು ಮೂಕಪ್ರಾಣಿಯಂತೆ ಹಿಂದೆ ಬರುತ್ತದೆ. ಟ್ರ್ಯಾಕ್ಟರಿನ ಎಂಜಿನ್ನಿನ ಸದ್ದಿನಲ್ಲಿ ಅದರ ನರಳಾಟ ಕೇಳಿಸುವುದಿಲ್ಲ. ಎರಡು ಟ್ರೇಲರುಗಳಿದ್ದರಂತೂ ಹಿಂದಿನದು ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲದೆ, ಟ್ರೇಲರು ವರ್ಷದಲ್ಲಿ ಕೆಲವು ತಿಂಗಳು ದುಡಿದು, ಉಳಿದ ತಿಂಗಳುಗಳು ಕಣದ ಮೂಲೆಯಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಲ್ಲುತ್ತದೆ. ನಿಂತಲ್ಲಿಯೇ ಗಾಳಿ ಸ್ವಲ್ಪ ಸ್ವಲ್ಪವಾಗಿ ಸೋರುತ್ತದೆ. ರಬ್ಬರು ಒಣಗಿ ಬಿರಿಯುತ್ತದೆ. ಸುಗ್ಗಿ ಬಂದೊಡನೆ ಅದೇ ಟೈರಿನ ಮೇಲೆ ಪೂರ್ಣ ಭಾರ ಬೀಳುತ್ತದೆ. ಬಂಡಿಯ ಕಾಲದಲ್ಲಿ ರೈತನು ಕಡೆಗೀಲನ್ನು ಮುಟ್ಟಿನೋಡದೆ, ಅಚ್ಚಿಗೆ ಕೀಲೆಣ್ಣೆ ಬಿಡದೆ ಎತ್ತು ಹೂಡುತ್ತಿರಲಿಲ್ಲ. ಆ ರೂಢಿ ಟ್ರೇಲರಿನ ಕಾಲದಲ್ಲಿ ಇನ್ನಷ್ಟು ಬೇಕಾಗಿತ್ತು; ಆದರೆ ಅದೇ ಕಡಿಮೆಯಾಗಿದೆ.

ಗಾಳಿಯ ಕೊರತೆ, ಬಿಸಿಲು ಇವುಗಳ ವಿಚಾರವಾಗಿ ದೊಡ್ಡ ದೇಶಗಳೂ ಪಾಠ ಕಲಿತಿವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದು ಬಗೆಯ ಕಾರುಗಳ ಟೈರುಗಳ ಹೊರಪದರ ಓಡುತ್ತಿರುವಾಗಲೇ ಕಳಚಿ, ಅನೇಕರು ಪ್ರಾಣ ಕಳೆದುಕೊಂಡರು. 2000ದ ಆಗಸ್ಟ್ ತಿಂಗಳಲ್ಲಿ ಫೈರ್‌ಸ್ಟೋನ್ ಕಂಪನಿಯು ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಪಘಾತಗಳು ಹೆಚ್ಚಾಗಿ ನಡೆದುದು ಟೆಕ್ಸಸ್, ಫ್ಲಾರಿಡ, ಅರಿಜೋನ, ಕ್ಯಾಲಿಫೋರ್ನಿಯಗಳಂತಹ ಬಿಸಿಲಿನ ರಾಜ್ಯಗಳಲ್ಲಿ. ಟೈರಿನ ದೋಷದೊಡನೆ ಗಾಳಿಯ ಕೊರತೆ, ಭಾರ, ವೇಗಗಳ ಪಾತ್ರವೂ ಆಗ ಚರ್ಚೆಗೆ ಬಂದಿತು. ಅದೇ ವರ್ಷ ಅಲ್ಲಿ ಹೊಸ ಕಾಯಿದೆಯಾಯಿತು. ಅದರ ಫಲವಾಗಿ, ಗಾಳಿ ಇಳಿದೊಡನೆ ಚಾಲಕನ ಮುಂದೆ ದೀಪ ಹೊತ್ತಿಸಿ ಎಚ್ಚರಿಸುವ ಸಾಧನವನ್ನು ಹೊಸ ಕಾರುಗಳಲ್ಲೆಲ್ಲ 2007ರಿಂದ ಕಡ್ಡಾಯಮಾಡಲಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ನಿಯಮವು ಎಳೆಯಲ್ಪಡುವ ಟ್ರೇಲರುಗಳಿಗೆ ಅನ್ವಯಿಸಲಿಲ್ಲ. ಅಲ್ಲಿಯೂ ಇಲ್ಲಿಯೂ ಟ್ರೇಲರಿನ ಕಾವಲು ಮನುಷ್ಯನ ಎಚ್ಚರಕ್ಕೇ ಸೇರಿದ್ದು.

ಟೈರು ಒಡೆದರೆ ಆಗುವ ನಷ್ಟ ಒಂದು ಟೈರಿನ ಬೆಲೆಯಷ್ಟೇ ಅಲ್ಲ. ಒಂದು ಗಾಲಿ ಕುಸಿದಾಗ ಟ್ರೇಲರು ಆ ಕಡೆಗೆ ವಾಲುತ್ತದೆ, ಎತ್ತರಕ್ಕೆ ಹೇರಿದ ಕಬ್ಬು ಜರುಗುತ್ತದೆ, ಗಾಡಿ ಮಗುಚಬಹುದು. ಪಕ್ಕದಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಶಾಲಾ ಬಾಲಕನೋ, ಹೇರಿನ ಮೇಲೆ ಕುಳಿತ ಕೂಲಿಯಾಳೋ ಅದಕ್ಕೆ ಬಲಿಯಾಗಬಹುದು. ಹೇರಿನ ಮೇಲೆ ಜನ ಕುಳಿತು ಪ್ರಯಾಣಮಾಡಬಾರದೆಂಬ ನಿಯಮಕ್ಕೆ ಇದೂ ಒಂದು ಕಾರಣ. ಗಾಡಿ ಮಗುಚದಿದ್ದರೂ ಆಪತ್ತು ಮುಗಿಯಲಿಲ್ಲ. ಮಧ್ಯಾಹ್ನ ಕೆಟ್ಟು ನಿಂತ ಟ್ರೇಲರು ಕತ್ತಲಾದರೂ ರಸ್ತೆಯಲ್ಲಿಯೇ ಇರುತ್ತದೆ. ಹಿಂಭಾಗದಲ್ಲಿ ಕೆಂಪು ಪ್ರತಿಫಲಕಗಳಿಲ್ಲದಿದ್ದರೆ, ಹಿಂದಿನಿಂದ ಬರುವ ಮೋಟಾರು ಸೈಕಲ್ಲಿನವನಿಗೆ ಅದು ಕಾಣುವುದು ಡಿಕ್ಕಿಯಾದ ಮೇಲೆಯೇ. ಗಾಡಿಯ ಸುತ್ತ ಗುರುತಿಗಾಗಿ ಇಟ್ಟ ಕಲ್ಲುಗಳನ್ನು, ಟೈರು ಬದಲಾಯಿಸಿದ ಮೇಲೆ ಹಾಗೆಯೇ ಬಿಟ್ಟುಹೋಗುವ ಅಭ್ಯಾಸವೂ ಉಂಟು. ಗಾಡಿ ಊರು ಸೇರಿದ ಮೇಲೂ ಆ ಕಲ್ಲುಗಳು ಬೇರೊಬ್ಬರ ಪ್ರಾಣಕ್ಕಾಗಿ ಕಾದಿರುತ್ತವೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಗಾಳಿಯನ್ನು ಬೆಳಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಓಡಿ ಬಂದ ಟೈರನ್ನು ಅಳೆಯಬೇಕಾದರೆ ಮೂರು ಗಂಟೆಯಾದರೂ ಕಾಯುವುದು ಒಳ್ಳೆಯದು. ಲಾರಿಯ ಕ್ಲೀನರು ಟೈರನ್ನು ಮರದ ಸುತ್ತಿಗೆಯಿಂದ ಬಡಿದು ಸದ್ದು ಕೇಳುವುದನ್ನು ನೋಡಿರುತ್ತೀರಿ. ಪೂರ್ತಿ ಗಾಳಿ ಹೋದ ಟೈರನ್ನು ಗುರುತಿಸಲು ಅದು ಸಾಕು. ಹತ್ತು ಪೌಂಡಿನ ಕೊರತೆಯನ್ನು ಕಿವಿಯಾಗಲಿ ಕಣ್ಣಾಗಲಿ ಹೇಳಲಾರದು. ಅದಕ್ಕೆ ಗೇಜೇ ಬೇಕು. ಎಷ್ಟು ಗಾಳಿ ಬೇಕೆಂಬುದು ಟೈರಿನ ಅಳತೆಯನ್ನೂ ಭಾರವನ್ನೂ ಅವಲಂಬಿಸಿರುತ್ತದೆ. ಟೈರಿನ ಪಕ್ಕದಲ್ಲಿ ಅದು ಹೊರಬಲ್ಲ ಗರಿಷ್ಠ ಭಾರವನ್ನೂ ಅದಕ್ಕೆ ಬೇಕಾದ ಒತ್ತಡವನ್ನೂ ಅಚ್ಚೊತ್ತಿರುತ್ತಾರೆ. ವೇಗದ ಮಿತಿಯೂ ಸಂಕೇತದಲ್ಲಿರುತ್ತದೆ. 'ಎ8' ಎಂಬ ಗುರುತಿದ್ದರೆ ಅದು ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚಿನ ವೇಗಕ್ಕೆ ತಕ್ಕುದಲ್ಲ. ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಬರೆದಿರುತ್ತಾರೆ. '2319' ಎಂದಿದ್ದರೆ 2019ನೆಯ ವರ್ಷದ 23ನೆಯ ವಾರ ಎಂದು ತಿಳಿಯಬೇಕು. ಓದುಬಲ್ಲ ಮಕ್ಕಳು ಈ ಬರಹವನ್ನು ಮನೆಯವರಿಗೆ ಓದಿಹೇಳುವುದೂ ಒಂದು ಸೇವೆಯೇ.

ಎರಡನೆಯದಾಗಿ, ಟೈರಿನ ಪಕ್ಕಗಳಲ್ಲಿ ಬಿರುಕು, ಉಬ್ಬು, ಕೊಯ್ತಗಳಿವೆಯೆ ಎಂದು ನೋಡಬೇಕು. ಉಬ್ಬಿದ ಟೈರು ಒಳಗೆ ಪದರ ಬಿಟ್ಟಿರುವ ಟೈರು. ಅದನ್ನು ಮತ್ತೆ ಭಾರಕ್ಕೆ ಹೂಡಬಾರದು. ವಾಲ್ವಿಗೆ ಮುಚ್ಚಳವಿದೆಯೆ, ಗಾಲಿಯ ನಟ್ಟುಗಳು ಬಿಗಿಯಾಗಿವೆಯೆ ಎಂಬುದನ್ನೂ ಪರೀಕ್ಷಿಸಬೇಕು. ಗಾಲಿಯ ನಡುವಿನ ಬೇರಿಂಗಿನಲ್ಲಿ ಗ್ರೀಸು ಒಣಗಿದ್ದರೆ ಅಲ್ಲಿಯೂ ಶಾಖ ಹುಟ್ಟಿ ಟೈರಿಗೆ ಹರಿಯುತ್ತದೆ. ದಾರಿಯಲ್ಲಿ ನಿಂತಾಗ ಅಂಗೈಯನ್ನು ಹತ್ತಿರ ಹಿಡಿದು, ಒಂದು ಗಾಲಿ ಉಳಿದವುಗಳಿಗಿಂತ ಹೆಚ್ಚು ಕಾದಿದೆಯೆ ಎಂದು ನೋಡಿದರೆ ದೋಷವಿರುವ ಗಾಲಿ ತಾನಾಗಿ ತಿಳಿಯುತ್ತದೆ. ಹೆಚ್ಚು ಕಾದ ಟೈರಿಗೆ ನೀರೆರಚುವುದಾಗಲಿ ಗಾಳಿ ಬಿಡುವುದಾಗಲಿ ಬೇಡ. ನೆರಳಿನಲ್ಲಿ ನಿಲ್ಲಿಸಿ ಆರಲು ಬಿಡಬೇಕು. ಆಮೇಲೆ ಕಾರಣವನ್ನು ಹುಡುಕಬೇಕು. ಸಾಧ್ಯವಾದ ಮಟ್ಟಿಗೆ ಭಾರದ ಪ್ರಯಾಣವನ್ನು ಬೆಳಗಿನ ತಂಪಿನಲ್ಲಿ ಮುಗಿಸುವುದು ಮೇಲು.

ಮೂರನೆಯ ಎಚ್ಚರಿಕೆ ವಿಶೇಷವಾಗಿ ನಿಮಗಾಗಿ. ದೊಡ್ಡ ಟೈರಿಗೆ ಗಾಳಿ ತುಂಬುವಾಗ ಹತ್ತಿರ ನಿಂತು ನೋಡುವ ಕುತೂಹಲ ಹುಡುಗರಿಗೆ ಸಹಜ. ಕೆಲವು ಗಾಲಿಗಳಲ್ಲಿ ಟೈರನ್ನು ಹಿಡಿದಿಡಲು ಲಾಕ್ ರಿಂಗ್ ಎಂಬ ಉಕ್ಕಿನ ಬಳೆಯಿರುತ್ತದೆ. ಅದು ಸರಿಯಾಗಿ ಕೂಡದಿದ್ದರೆ ಗಾಳಿಯ ಒತ್ತಡಕ್ಕೆ ಚಿಮ್ಮಿ, ಎದುರಿಗಿದ್ದವರ ಪ್ರಾಣವನ್ನೇ ತೆಗೆಯಬಲ್ಲುದು. ಆದುದರಿಂದ ಗಾಳಿ ತುಂಬುವಾಗ ಗಾಲಿಯ ಮುಂದೆ ಯಾರೂ ನಿಲ್ಲಬಾರದು. ಗಾಳಿಯಿಲ್ಲದೆ ಸ್ವಲ್ಪ ದೂರ ಓಡಿದ ಟೈರಿಗೆ ಹಾಗೆಯೇ ಮತ್ತೆ ಗಾಳಿ ತುಂಬುವುದೂ ಅಪಾಯಕರ. ಅದರ ಒಳಗಿನ ದಾರಗಳು ಮುರಿದಿರಬಹುದು. ಬಿಚ್ಚಿ ನೋಡಿದ ಮೇಲೆಯೇ ತುಂಬಬೇಕು.

ಇಷ್ಟೆಲ್ಲ ನೋಡಲು ಸಮಯವೆಲ್ಲಿದೆ ಎಂದು ಕೆಲವರು ಕೇಳಬಹುದು. ನಾಲ್ಕು ಗಾಲಿಗಳ ಗಾಳಿಯನ್ನು ಅಳೆಯಲು ಐದು ನಿಮಿಷ ಸಾಕು. ಪ್ರತಿದಿನದ ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಯಾವ ಗಾಲಿ ದಿನೇ ದಿನೇ ಸೋರುತ್ತಿದೆಯೆಂಬುದು ಅದು ಒಡೆಯುವ ಮೊದಲೇ ತಿಳಿಯುತ್ತದೆ. ಒಡೆದ ಮೇಲೆ ಮರುಗುವುದು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆಯೇ ಸರಿ. ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಟ್ರ್ಯಾಕ್ಟರ್ ಇದ್ದರೆ, ನಾಳೆ ಬೆಳಗ್ಗೆ ಅದು ಹೊರಡುವ ಮುನ್ನ, 'ಹಿಂದಿನ ಟೈರುಗಳ ಗಾಳಿ ನೋಡಿದಿರಾ?' ಎಂದು ಚಾಲಕನನ್ನು ವಿನಯದಿಂದ ಕೇಳಿರಿ. ಆತ ನಕ್ಕು ಸುಮ್ಮನಾಗಬಹುದು. ಇಳಿದು ಬಂದು ನೋಡಲೂ ಬಹುದು. ಆತ ಇಳಿದು ನೋಡಿದ ದಿನ, ಆ ದಾರಿಯಲ್ಲಿ ಶಾಲೆಗೆ ನಡೆದುಹೋಗುವವರೆಲ್ಲರ ಕ್ಷೇಮಕ್ಕೆ ನಿಮ್ಮ ಒಂದು ಪ್ರಶ್ನೆ ನೆರವಾಗಿರುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಟೈರಿನ ಮೇಲೆ ಬೀಳುವ ಭಾರದ ಬಹುಪಾಲನ್ನು ಹೊರುವುದು ಯಾವುದು?
2. ಗಾಳಿಯನ್ನು ಯಾವ ವೇಳೆಯಲ್ಲಿ ಅಳೆಯಬೇಕು?
3. ಟೈರಿನ ಮೇಲೆ '2319' ಎಂದಿದ್ದರೆ ಅದರ ಅರ್ಥವೇನು?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಿಸಿಯಾದ ಟೈರಿನಿಂದ ಗಾಳಿಯನ್ನು ಏಕೆ ಬಿಡಬಾರದು? ಲೆಕ್ಕಸಹಿತ ವಿವರಿಸಿರಿ.
2. ಟ್ರೇಲರಿನ ಟೈರುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಏಕೆ ಬೇಕು?

ಇ) ನಿಮ್ಮ ಊರಿನ ಒಂದು ಟ್ರೇಲರಿನ ಟೈರುಗಳ ಗಾಳಿಯನ್ನು ಹಿರಿಯರ ನೆರವಿನಿಂದ ಒಂದು ವಾರ ಅಳೆಸಿ, ಅಳತೆಗಳನ್ನು ಪಟ್ಟಿಮಾಡಿರಿ.